ನನ್ನದು ಹಾರ್ಟಿನ ಕಾಯಿಲೆಯಲ್ಲ

ಜಯನಗರದ ನಮ್ಮ ಬ್ಲಾಕಿನಲ್ಲಿ ನನ್ನನ್ನು ಇವತ್ತಿಗೂ ಹೃದಯರೋಗಿ ಎಂದೇ ನಂಬಿರುವ ಮೂರು ನಾಲ್ಕು ಮನೆಗಳಿವೆ. ಬೆಳಿಗ್ಗೆ ನಾನು ಓಡುತ್ತ ಹೋಗುವಾಗ ಗೇಟಿನ ಬಳಿ ಹಾಲಿಗೆ ಕಾಯುತ್ತ ನಿಂತವರು "ನಿಧಾನ ಕಣಪ್ಪಾ, ಮೈ ಮೇಲೆ ಜ್ಞಾನ ಇರ್ಲಿ" ಎನ್ನುತ್ತಾರೆ. ನಾನು ಕೈಯೆತ್ತಿ ಮುಂದೆ ಹೋಗುತ್ತೇನೆ. ಇದನ್ನು ಬರೆಯುತ್ತಿರುವುದು ಅವರಿಗಾಗಿ ಅಲ್ಲ. "ಇನ್ನು ಓಡಬೇಡಿ" ಎಂದು ಯಾರೋ ಡಾಕ್ಟರು ಹೇಳಿದ್ದನ್ನು ಕೇಳಿಕೊಂಡು ಮನೆಗೆ ಬಂದು, ಓಟದ ಚಡ್ಡಿಯನ್ನು ಟ್ರಂಕಿನ ತಳಕ್ಕೆ ತುರುಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿರುವವನು ಎಲ್ಲೋ ಒಬ್ಬನಾದರೂ ಇರುತ್ತಾನೆ. ಅವನಿಗಾಗಿ. ಓಟದ ಬಗ್ಗೆ ನನಗೆ ತಿಳಿದಿರುವ ಕೆಲವು ಮಾತುಗಳೂ ಇದರಲ್ಲಿ ಬರುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ನಾನು ಮಲಗಿದ್ದಾಗ ಕಲಿತೆ.

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಡೈರಿ ಬರೆಯುವ ಅಭ್ಯಾಸವಿದೆ, ಅದನ್ನೂ ನಂಬುವುದಿಲ್ಲ. ಕಾಯಿಲೆಯ ತಿಂಗಳುಗಳ ಪುಟಗಳಲ್ಲಿ ನಾನು ಇದ್ದದ್ದಕ್ಕಿಂತ ಹೆಚ್ಚು ಧೈರ್ಯವಂತನಾಗಿ ಕಾಣುತ್ತೇನೆ. ಅಮ್ಮ ಹೇಳುವುದೇ ಒಂದು, ಅಣ್ಣ ಹೇಳುವುದೇ ಒಂದು. ಅಣ್ಣ ಎಂದರೆ ನಮ್ಮ ತಂದೆ. ನಮ್ಮ ಮನೆಯಲ್ಲಿ ಅಪ್ಪನನ್ನು ಹಾಗೆ ಕರೆಯುವುದೇ ರೂಢಿ. ಎಲ್ಲಿ ಮೂವರ ಮಾತೂ ಹೊಂದುವುದಿಲ್ಲವೋ ಅಲ್ಲಿ ಹಾಗೆಂದು ಹೇಳಿಬಿಡುತ್ತೇನೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿ.ಎಸ್ಸಿ. ಮುಗಿಸಿ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮ ಹಿಂದಿನ ರಸ್ತೆ ದಾಟಿದರೆ ಹುಲ್ಲು, ಅದರಾಚೆ ಹೊಲ, ಹೊಲದಾಚೆ ಕೆರೆ. ಓಡುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿರಲಿಲ್ಲ.

ನಮಗೆ ಓಟ ಕಲಿಸುತ್ತಿದ್ದವರು ದಾಮೋದರ ಮೇಷ್ಟ್ರು. ಸೈನ್ಯದಲ್ಲಿದ್ದು ಬಂದು, ಆಮೇಲೆ ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟವರು. ಹನುಮಂತನಗರದಿಂದ ಸೈಕಲ್ಲಿನಲ್ಲಿ ಬೆಳಕು ಹರಿಯುವ ಮುಂಚೆ ಬಂದು ನಮ್ಮ ಮನೆ ಮುಂದೆ ಬೆಲ್ ಹೊಡೆಯುತ್ತಿದ್ದರು. ನಾವು ನಾಲ್ಕೈದು ಜನ ಅವರ ಶಿಷ್ಯರು. ಅವರ ಸೂತ್ರಗಳು ನನಗೆ ಈಗಲೂ ಬಾಯಿಪಾಠ. ಓಡುವಾಗ ನೀರು ಮುಟ್ಟಬಾರದು, ಹೊಟ್ಟೆ ಹಿಡಿಯುತ್ತದೆ. ದಣಿವು ಎನ್ನುವುದು ಮನಸ್ಸಿನ ಕಳ್ಳಾಟ. ನಿನ್ನೆಗಿಂತ ಇವತ್ತು ನಿಧಾನವಾದರೆ ನಾಳೆ ಎರಡರಷ್ಟು ಓಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಬರಿಗಾಲು.

"ಷೂ ಹಾಕ್ಕೊಂಡ್ ಓಡೋದು ಅಂದ್ರೆ ಕೈಗೆ ಗ್ಲೌಸ್ ಹಾಕ್ಕೊಂಡ್ ಮುದ್ದೆ ನುಂಗ್ದಂಗೆ ಕಣ್ರೋ" ಎನ್ನುತ್ತಿದ್ದರು. "ಭೂಮಿತಾಯಿ ಶಕ್ತಿ ಅಂಗಾಲಿಂದ ಮೇಲಕ್ಕೆ ಹತ್ತಬೇಕು. ಅದ್ರಲ್ಲೂ ಇಬ್ಬನಿ ಬಿದ್ದಿರೋ ಒದ್ದೆ ಮಣ್ಣು ಇದ್ಯಲ್ಲ, ಅದು ಅಮೃತ!"

ಹಾಗಾಗಿ ರಸ್ತೆ ಬಿಟ್ಟು ಒದ್ದೆ ಮಣ್ಣು ಹುಡುಕಿಕೊಂಡು ಹೋಗುತ್ತಿದ್ದೆವು. ಕೆರೆಯ ಕೆಳಗೆ ಸೊಪ್ಪಿನ ತೋಟಗಳಿದ್ದವು; ದಂಟು, ಮೆಂತ್ಯ, ಕೊತ್ತಂಬರಿ. ಅವುಗಳ ನಡುವಿನ ಬದುಗಳ ಮೇಲೆ ಒಬ್ಬರ ಹಿಂದೊಬ್ಬರು ಓಡುವುದು ಮೇಷ್ಟ್ರ ವಿಶೇಷ ತರಬೇತಿ. ಕಾಲಿಡಲು ಅಂಗೈಯಗಲ ಜಾಗ, ತಪ್ಪಿದರೆ ಕೆಸರು. ಆ ತೋಟಗಳಿಗೆ ಊರಿನಿಂದ ಗಾಡಿಯಲ್ಲಿ ಬರುತ್ತಿದ್ದ ಗೊಬ್ಬರ ಕಕ್ಕಸುಗುಂಡಿಗಳದ್ದೆಂದು ನಮಗೆಲ್ಲ ಗೊತ್ತಿತ್ತು. ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಮನೆಗೆ ಬಂದರೆ ಹಿತ್ತಿಲ ಬಾಗಿಲಲ್ಲಿ ಅಮ್ಮ ತಾಮ್ರದ ಚೊಂಬಿನಲ್ಲಿ ನೀರಿಟ್ಟಿರುತ್ತಿದ್ದಳು. ಅದರಲ್ಲಿ ಕಾಲು ತೊಳೆದು, ಸ್ನಾನ ಮಾಡಿ ಒಳಗೆ ಬಂದರೆ ಮೈಲಿಗೆ ಹೋಯಿತು. ನಾವು ಶುಚಿಯಾದೆವು ಎಂದು ಅಮ್ಮನೂ ನಾನೂ ಮನಸಾರೆ ನಂಬಿದ್ದೆವು.

ಕಾಲ್ಬೆರಳ ಸಂದಿಯಲ್ಲಿ ತುರಿಕೆ, ಸಣ್ಣ ಗುಳ್ಳೆ ಎಲ್ಲರಿಗೂ ಆಗುತ್ತಿತ್ತು. ಕೆಸರುಹುಣ್ಣು ಎನ್ನುತ್ತಿದ್ದೆವು. ಬೇವಿನೆಣ್ಣೆ ಹಚ್ಚಿದರೆ ಮಾಯುತ್ತಿತ್ತು. "ಚರ್ಮ ಗಟ್ಟಿಯಾಗ್ತಿದೆ, ಒಳ್ಳೇದೇ ಆಯ್ತು" ಎಂದರು ಮೇಷ್ಟ್ರು.

ಪ್ರತಿ ಚಳಿಗಾಲದಲ್ಲಿ ನಮ್ಮ ಕಡೆ ಒಂದು ದೂರದ ಓಟ ನಡೆಯುತ್ತಿತ್ತು. ಬಸವನಗುಡಿಯ ಒಂದು ಮೈದಾನದಲ್ಲಿ ಶುರುವಾಗಿ, ಕನಕಪುರ ರಸ್ತೆ ಹಿಡಿದು, ಬನಶಂಕರಿ ಗುಡಿ ದಾಟಿ, ಸಾರಕ್ಕಿ ದಾಟಿ ಹೋಗಿ ಅದೇ ದಾರಿಯಲ್ಲಿ ವಾಪಸು. ಮೇಷ್ಟ್ರೇ ಅದರ ಉಸ್ತುವಾರಿ. ಒಂದು ವರ್ಷ ಅದರಲ್ಲಿ ಮುಂಚೂಣಿಯವರ ಬೆನ್ನು ಕಾಣುವಷ್ಟು ಹತ್ತಿರ ಬಂದಿದ್ದೆ. ಮುಂದಿನ ವರ್ಷ ಆ ಬೆನ್ನುಗಳನ್ನು ದಾಟಬೇಕು ಎನ್ನುವುದೊಂದೇ ನನಗೆ ಆಗ ಬದುಕಿನ ಗುರಿ. ಇಪ್ಪತ್ತರ ವಯಸ್ಸಿನವನಿಗೆ ಇದಕ್ಕಿಂತ ದೊಡ್ಡ ಗುರಿ ಇರಬೇಕಿತ್ತು ಎಂದು ಅಣ್ಣ ಹೇಳುತ್ತಿದ್ದರು. ಇರಬೇಕಿತ್ತೇನೋ. ಇರಲಿಲ್ಲ.

ಆ ಮಳೆಗಾಲದಿಂದ ಕಾಲು ಭಾರವಾಗತೊಡಗಿತು. ನಿಧಾನವಾದೆ. ಸೂತ್ರದ ಪ್ರಕಾರ ಹೆಚ್ಚು ಓಡಿದೆ. ಇನ್ನೂ ನಿಧಾನವಾದೆ, ಇನ್ನೂ ಹೆಚ್ಚು ಓಡಿದೆ. ಓದುತ್ತಿರುವ ಓಟಗಾರರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಒಂದೆರಡು ದಿನ ಕಾಲು ಏಳದಿದ್ದರೆ ಅದು ದಣಿವು. ಒಂದು ದಿನ ಮಲಗಿ. ವಾರಗಟ್ಟಲೆ ಏಳದಿದ್ದರೆ ಅದು ಸೋಮಾರಿತನವಲ್ಲ. ಮೈ ಏನೋ ಹೇಳುತ್ತಿದೆ, ಅದರ ಮೇಲೆ ಕೂಗಾಡಬೇಡಿ. ಹಠ ಎಂಬ ಗುಣ ನಮ್ಮನ್ನು ದೂರ ಓಡಿಸುತ್ತದೆ ನಿಜ. ಆದರೆ ಹಠಕ್ಕೆ ಕಿವಿಯಿಲ್ಲ.

ಕಾಲೇಜಿನ ಮೆಟ್ಟಿಲು ಹತ್ತಿದರೆ ಕಿವಿಯಲ್ಲಿ ಡೋಲು ಬಡಿಯುತ್ತಿತ್ತು. ಇನ್ನೊಂದು ವಿಚಿತ್ರ ಶುರುವಾಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಬೋರ್ಡಿನ ಮೇಲೆ ಬರೆದು ಬಳಪ ಕೆಳಗಿಡುವಾಗ ಅದನ್ನು ತಿನ್ನಬೇಕೆನಿಸುತ್ತಿತ್ತು. ಸುಮ್ಮನೆ ಆಸೆಯಲ್ಲ, ಬಾಯಲ್ಲಿ ನೀರೂರುವಂಥ ಆಸೆ. ಪ್ರಯೋಗಶಾಲೆಯಲ್ಲಿ ಯಾರೂ ಇಲ್ಲದಾಗ ಬಳಪದ ತುಂಡು ಬಾಯಿಗೆ ಹಾಕಿಕೊಂಡು ಕರಕರ ಅಗಿಯುತ್ತಿದ್ದೆ. ವಿಶ್ವವಿದ್ಯಾನಿಲಯದ ಪದವೀಧರ! ಡೈರಿಯಲ್ಲಿ ಇದರ ಸುಳಿವೂ ಇಲ್ಲ.

ಚಳಿಗಾಲದ ಓಟದ ದಿನ ಬನಶಂಕರಿಯ ಗುಡಿಯ ತನಕವೂ ಹೋಗಲಾಗಲಿಲ್ಲ. ರಸ್ತೆ ಬದಿಯ ಮರದ ಬುಡದಲ್ಲಿ ಕುಳಿತವನು ಏಳಲಿಲ್ಲ. ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ನಿಂತು, "ಏನೋ, ಮದುವೆ ಊಟಕ್ಕೆ ಕೂತಂಗೆ ಕೂತಿದ್ಯಲ್ಲೋ! ಎದ್ದೇಳೋ" ಎಂದರು. ನನ್ನ ಮುಖ ನೋಡಿದ ಮೇಲೆ ಸೈಕಲ್ಲಿನಿಂದ ಇಳಿದರು. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟರು.

ನಮ್ಮ ಮನೆಯ ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಎದೆಯ ಮೇಲೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಅಮ್ಮ ಬಾಗಿಲ ಪರದೆಯ ಅಂಚನ್ನು ತಿರುಚುತ್ತ ನಿಂತಿದ್ದಳು. ಡಾಕ್ಟರು ನಳಿಗೆ ಕಿವಿಯಿಂದ ತೆಗೆದು ನನ್ನ ಕಡೆ ನೋಡದೆ ಅಣ್ಣನ ಕಡೆ ತಿರುಗಿದರು.

"ಹೃದಯದಲ್ಲಿ ಒಂದು ಸದ್ದಿದೆ ಸಾರ್. ಅತಿಯಾಗಿ ಓಡಿಸಿ ಹಿಗ್ಗಿಸಿಕೊಂಡಿದಾನೆ. ಇನ್ನು ಓಟ ಗೀಟ ಮರೆತುಬಿಡ್ಲಿ."

"ಎಷ್ಟು ದಿನ?" ಎಂದೆ ನಾನು.

"ದಿನ ಅಲ್ಲಪ್ಪ. ಪೂರ್ತಿ."

ಅಲ್ಲಿಂದ ಮಂಚ. ಸ್ವಲ್ಪ ಚೇತರಿಸಿಕೊಂಡಂತೆ ಕಂಡರೆ ವರಾಂಡದ ಆರಾಮಕುರ್ಚಿ. ಕಾಲೇಜಿಗೆ ರಜೆ ಹಾಕಿದ್ದಾಯಿತು. ನೋಡಲು ಬಂದವರು ಹಾರ್ಲಿಕ್ಸು, ಮೋಸಂಬಿ, ಬುದ್ಧಿವಾದ ಮೂರನ್ನೂ ತಂದರು. "ಹೃದಯ ಅನ್ನೋದು ಸೈಕಲ್ ಟೈರ್ ಇದ್ದಂಗೆ, ಜಾಸ್ತಿ ಉರುಳಿಸಿದ್ರೆ ಸವೀತದೆ" ಎಂದರು ಒಬ್ಬರು. "ಹೊಟ್ಟೆಪಾಡಿಗೆ ಓಡೋರ್ನ ನೋಡಿದೀನಿ, ಶೋಕಿಗೆ ಓಡಿ ಮಂಚ ಹಿಡಿದೋನ್ನ ಇವತ್ತೇ ನೋಡಿದ್ದು" ಎಂದರು ಇನ್ನೊಬ್ಬರು. ಅವರು ಕಾಫಿ ಕುಡಿದು ಹೋಗುವ ತನಕ ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನಂತೆ ನಟಿಸುತ್ತಿದ್ದೆ.

ಆಗ ಭಯವಾಗಲಿಲ್ಲವೇ ಎಂದು ಕೇಳಿದರೆ, ಡೈರಿಯ ಪ್ರಕಾರ ಇಲ್ಲ. ಅದು ಸುಳ್ಳು. ಮಧ್ಯಾಹ್ನ ಮನೆ ಸದ್ದಿಲ್ಲದಾದಾಗ ದಿಂಬಿಗೆ ಒತ್ತಿದ ಕಿವಿಯಲ್ಲಿ ನನ್ನ ಹೃದಯ ಬಡಿಯುವುದು ಕೇಳಿಸುತ್ತಿತ್ತು. ಎರಡು ಬಡಿತಗಳ ನಡುವೆ ಎಲ್ಲಿ ನಿಂತುಬಿಡುತ್ತದೋ ಎಂದು ಕಾಯುತ್ತಿದ್ದೆ. ಅದಕ್ಕಿಂತಲೂ ಕೆಟ್ಟದ್ದು ಇನ್ನೊಂದು: ನಿಲ್ಲದೆ ಹೀಗೇ ಮೂವತ್ತು ನಲವತ್ತು ವರ್ಷ ಬಡಿಯುತ್ತ, ನಾನು ಆರಾಮಕುರ್ಚಿಯಲ್ಲಿ ಕುಳಿತೇ ಮುದುಕನಾದರೆ? ಒಂದು ದಿನ ಎಲ್ಲರ ಕಣ್ಣು ತಪ್ಪಿಸಿ ಹಿತ್ತಿಲ ಬಾವಿಯ ಸುತ್ತ ಓಡಲು ನೋಡಿದೆ. ಒಂದು ಸುತ್ತು ಆಗುವುದರೊಳಗೆ ಬಾವಿಯ ಕಟ್ಟೆ ಹಿಡಿದುಕೊಂಡು ಕುಸಿದೆ. ಅಮ್ಮ ಬಂದಳು. ಬೈಯಲಿಲ್ಲ. "ನಿಂಗೆ ಕೈ ಮುಗೀತೀನಿ ಕಣೋ" ಎಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಲಗಿದ್ದೂ ಗುಣವಾಗಲಿಲ್ಲ. ಪಾದ ಊದಿಕೊಂಡಿತು. ತುಟಿ ಕಾಗದದಂತೆ ಬಿಳಿಚಿತು. ಅಣ್ಣ ಕೊನೆಗೆ ನನ್ನನ್ನು ಊರೊಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆ ಆಸ್ಪತ್ರೆಯ ಹೃದಯದ ವಿಭಾಗದ ಮುಂದೆ ಉದ್ದನೆಯ ಬೆಂಚುಗಳು. ಕಾಯುವವರೆಲ್ಲ ಎದೆಯ ಮೇಲೆ ಒಂದು ಕೈಯಿಟ್ಟುಕೊಂಡೇ ಕೂತಿದ್ದರು. ನಾನು ಗೋಡೆಗೊರಗಿ ನಿಂತಿದ್ದೆ. ಒಬ್ಬ ಮುದುಕರು ಜರುಗಿ ಜಾಗ ಮಾಡಿಕೊಟ್ಟರು.

"ಕೂತ್ಕೊಳಪ್ಪಾ. ನಂದು ಹಳೇ ಗಾಡಿ, ನಿಂತ್ರೂ ಓಡುತ್ತೆ. ನಿಂದು ಹೊಸದು, ಯಾಕ್ ಕೆಟ್ಟೋಯ್ತು?"

"ಜಾಸ್ತಿ ಓಡಿಸಿದೆ ಅಂತಾರೆ."

"ಓಡಿಸ್ದೆ ಶೆಡ್ಡಲ್ಲಿಟ್ಟಿದ್ದು ನಂದು" ಎಂದು ಎದೆ ತಟ್ಟಿಕೊಂಡರು. "ಇದೂ ಕೆಟ್ಟಿತು. ತಲೆ ಕೆಡಿಸ್ಕೋಬೇಡ."

ಅಷ್ಟು ತಿಂಗಳಲ್ಲಿ ನಾನು ನಕ್ಕದ್ದು ಅಲ್ಲೇ. ಅವರ ಹೆಸರು ಕೇಳಲಿಲ್ಲ. ಕಾಯಿಲೆಯವನಿಗೆ ಮರುಕ ಬೇಕಾದಷ್ಟು ಸಿಗುತ್ತದೆ. ಪಕ್ಕದಲ್ಲಿ ಕೂರಿಸಿಕೊಂಡು ತಮಾಷೆ ಮಾಡುವವರು ಸಿಗುವುದಿಲ್ಲ.

ಆ ದಿನ ದೊಡ್ಡ ಡಾಕ್ಟರು ಬಂದಿರಲಿಲ್ಲ. ಅವರ ಬದಲಿಗೆ ನೋಡಿದವರು ಒಬ್ಬ ಲೇಡಿ ಡಾಕ್ಟರು. ಅಣ್ಣನಿಗೆ ಅದೇ ಒಂದು ಅಸಮಾಧಾನ. ಆಕೆ ಎದೆಗೆ ನಳಿಗೆ ಇಡುವ ಮುಂಚೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ನಾಲಿಗೆ ನೋಡಿದರು. ಆಮೇಲೆ ಎದೆ ಕೇಳಿದರು. ಆಮೇಲೆ ಕೇಳಿದ ಪ್ರಶ್ನೆಗೆ ನಾನು ಸಿದ್ಧನಿರಲಿಲ್ಲ.

"ಏನಾದ್ರೂ ತಿನ್ನಬಾರದ್ದನ್ನ ತಿನ್ನಬೇಕು ಅನ್ಸುತ್ತಾ? ಮಣ್ಣು, ಅಕ್ಕಿ, ಸುಣ್ಣ?"

ಅಣ್ಣ ಪಕ್ಕದಲ್ಲಿದ್ದರು. ಇಲ್ಲ ಎಂದೆ. ಆಕೆ ನನ್ನ ಕೈ ಎತ್ತಿ ಮತ್ತೊಮ್ಮೆ ಉಗುರು ನೋಡಿದರು.

"ಬಳಪ" ಎಂದೆ.

"ಏನು?" ಎಂದರು ಅಣ್ಣ.

"ಓಡ್ತಿದ್ರಿ ಅಂದ್ರಲ್ಲ, ಚಪ್ಪಲಿ ಹಾಕ್ಕೊಂಡಾ?" ಎಂದು ಡಾಕ್ಟರು ಮುಂದುವರಿಸಿದರು.

"ಬರಿಗಾಲಲ್ಲಿ ಮೇಡಂ."

"ಎಲ್ಲಿ?"

"ಕೆರೆ ಕೆಳಗೆ. ಸೊಪ್ಪಿನ ತೋಟದ ಬದು ಮೇಲೆ."

ಆಕೆ ಪೆನ್ನು ಕೆಳಗಿಟ್ಟರು. "ನಾಳೆ ಬೆಳಿಗ್ಗೆ ಮಲ ತಗೊಂಬನ್ನಿ. ಒಂದು ಸಣ್ಣ ಡಬ್ಬೀಲಿ."

ಅಣ್ಣ ಸರ್ಕಾರದ ಕಚೇರಿಯಲ್ಲಿ ಮೇಲಧಿಕಾರಿಯಾಗಿ ನಿವೃತ್ತರಾದವರು. ಅಷ್ಟು ಜನರ ಮುಂದೆ ಅಂಥ ಮಾತನ್ನು ಅವರ ಮುಖಕ್ಕೆ ಯಾರೂ ಆಡಿರಲಿಲ್ಲ. ಆದರೂ ಮರುದಿನ ನನಗೆ ಬಸ್ಸು ಹತ್ತುವ ಶಕ್ತಿ ಇಲ್ಲದ್ದರಿಂದ ಡಬ್ಬಿಯನ್ನು ಅವರೇ ತೆಗೆದುಕೊಂಡು ಹೋದರು. ಮನೆಯಲ್ಲಿದ್ದ ಸಣ್ಣ ಡಬ್ಬಿ ಎಂದರೆ ಅವರ ಹಳೆಯ ನಶ್ಯದ ಡಬ್ಬಿ. ಬಸ್ಸಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿದರಂತೆ. ಅಣ್ಣ ಡಬ್ಬಿಯನ್ನು ಮೈಯಿಂದ ದೂರ ಹಿಡಿದು ಕೂತಿರುವುದನ್ನು ನೋಡಿ, "ಏನ್ ಸಾರ್, ಒಬ್ರೇ ಏರಿಸ್ತೀರಲ್ಲ, ನಮಗೂ ಒಂದು ಚಿಟಿಕೆ ಕೊಡಿ" ಎಂದು ಕೈ ನೀಡಿದರಂತೆ. "ಇಲ್ಲಪ್ಪ, ಇದು ಡಾಕ್ಟರಿಗೆ" ಎಂದರಂತೆ ಅಣ್ಣ. "ಓಹೋ, ಡಾಕ್ಟರಿಗೂ ನಶ್ಯದ ಅಭ್ಯಾಸವೋ!" ಎಂದರಂತೆ ಆ ಮಹಾಶಯರು. ಇದನ್ನು ಹೇಳುವಾಗ ಅಣ್ಣ ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. ಈಗ ಕೇಳಿದರೆ ಅಂಥದ್ದೇನೂ ನಡೆಯಲಿಲ್ಲ, ನಾನು ಕಟ್ಟಿದ ಕತೆ ಎನ್ನುತ್ತಾರೆ. ಯಾವುದು ನಿಜವೋ. ಅವರು ನಕ್ಕದ್ದಂತೂ ನಿಜ.

ಮುಂದಿನ ಸಲ ಹೋದಾಗ ಲೇಡಿ ಡಾಕ್ಟರು ಹೇಳಿದ್ದು ಇಷ್ಟು.

"ನಿಮ್ಮ ಹಾರ್ಟ್ ಚೆನ್ನಾಗಿದೆ. ಮೈಯಲ್ಲಿ ರಕ್ತ ಇಲ್ಲ. ಕೊಕ್ಕೆಹುಳ ಕುಡಿದುಬಿಟ್ಟಿದೆ. ಒದ್ದೆ ಮಣ್ಣಿಂದ ಕಾಲಿನ ಚರ್ಮ ತೂರಿ ಒಳಗೆ ಬರುತ್ತೆ, ಹೊಟ್ಟೇಲಿ ಮನೆ ಮಾಡುತ್ತೆ."

"ಮತ್ತೆ ಆ ಸದ್ದು?"

"ಹೊಳೇಲಿ ನೀರು ಕಮ್ಮಿಯಾದಾಗ ಕಲ್ಲಿನ ಮೇಲೆ ಜಾಸ್ತಿ ಸದ್ದು ಮಾಡಲ್ವಾ? ಹಾಗೇ. ರಕ್ತ ತುಂಬಿದ್ರೆ ಹೋಗುತ್ತೆ."

"ಓಡಬಹುದಾ ಮೇಡಂ?"

"ಷೂ ಹಾಕ್ಕೊಂಡು ಓಡಿ. ಇನ್ನು ಮೇಲೆ ಆ ತೋಟದ ಕಡೆ ಮಾತ್ರ ಹೋಗ್ಬೇಡಿ."

ಬಸ್ಸು ನಮ್ಮ ಸ್ಟಾಪು ದಾಟಿ ಹೋದದ್ದೂ ನನಗೆ ತಿಳಿಯಲಿಲ್ಲ. ಭೂಮಿತಾಯಿಯಿಂದ ಅಂಗಾಲಿನ ಮೂಲಕ ಏನೋ ಮೇಲೆ ಹತ್ತಿದ್ದು ನಿಜವೇ ಆಗಿತ್ತು. ನನಗೆ ಕೂಗಿ ಊರಿಗೆಲ್ಲ ಹೇಳಬೇಕೆನಿಸಿತ್ತು. ಆದರೆ ಮನೆಯಲ್ಲಿ ಬೇರೆಯೇ ಆಯಿತು.

"ಹುಳವಾ?" ಎಂದಳು ಅಮ್ಮ. ಒಗ್ಗರಣೆಯ ಸೌಟು ಕೈಯಲ್ಲೇ ಇತ್ತು. "ನಮ್ಮನೇಲಾ? ನಾನು ಮಡಿ ಇಲ್ದೆ ಒಂದು ಲೋಟ ನೀರೂ ಮುಟ್ಟಲ್ಲ!"

"ಅಮ್ಮಾ, ಅದು ಅಡುಗೆಯಿಂದ ಬಂದಿದ್ದಲ್ಲ, ಕಾಲಿಂದ..."

"ಎಲ್ಲಿಂದಾದ್ರೂ ಬರ್ಲಿ! ಗೊಬ್ಬರ ತುಳಿದು ಹುಳ ಬಂತು ಅಂತ ಹೇಳ್ಕೊಂಡ್ರೆ ನಾಳೆ ಈ ಮನೇಲಿ ಯಾರು ನೀರು ಕುಡೀತಾರೆ? ನೋಡು, ಹಾರ್ಟು ಅಂತ ಎಲ್ರಿಗೂ ಹೇಳಿದೀನಿ. ಹಾರ್ಟು ಅಂತಾನೇ ಇರ್ಲಿ. ದೊಡ್ಡ ಮನುಷ್ಯರಿಗೆ ಬರೋ ಕಾಯಿಲೆ, ಅದ್ರಲ್ಲಿ ಅವಮಾನ ಏನಿಲ್ಲ."

ನಾನು ಮಾತು ಕೊಟ್ಟೆ. ಮಾತು ಕೊಡುವಂತೆ ಹೇಳಿದ್ದು ಅಮ್ಮನೆಂದು ನನ್ನ ನೆನಪು. ಅಮ್ಮನ ಪ್ರಕಾರ ಅಣ್ಣ. ಅಣ್ಣನ ಪ್ರಕಾರ ಅಂಥ ಮಾತೇ ಆಗಿಲ್ಲ.

ಚಿಕಿತ್ಸೆಯ ವಿವರ ಬೇಡ. ಮೊದಲು ಕಬ್ಬಿಣದ ಮಾತ್ರೆ, ಮೈ ಸ್ವಲ್ಪ ತಡೆದುಕೊಳ್ಳುವಂತಾದ ಮೇಲೆ ಖಾಲಿ ಹೊಟ್ಟೆಗೆ ಒಂದು ಘಾಟು ಔಷಧಿ. ಅದನ್ನು ಕುಡಿದ ದಿನ ಹೆಂಡ ಕುಡಿದವನಂತೆ ತೂರಾಡಿದೆ. ಆಮೇಲೆ ಮತ್ತೆ ತಿಂಗಳುಗಟ್ಟಲೆ ಕಬ್ಬಿಣ. ಗುಣವಾಗುತ್ತಿದ್ದೇನೆಂದು ಗೊತ್ತಾದದ್ದು ಕಾಲೇಜಿಗೆ ಮರಳಿದ ಮೇಲೆ. ಒಂದು ದಿನ ಅಭ್ಯಾಸಬಲದಿಂದ ಬಳಪ ಬಾಯಿಗಿಟ್ಟೆ. ಥೂ ಎಂದು ಉಗುಳಿದೆ. ಅದು ಬರೀ ಬಳಪವಾಗಿತ್ತು. ಪ್ರಯೋಗಶಾಲೆಯಲ್ಲಿ ಒಬ್ಬನೇ ನಿಂತು ಅತ್ತೆ.

ಮರಳಿ ಓಡುವವರಿಗೆ ಎರಡು ಮಾತು. ಮೊದಲು ನಡೆಯಿರಿ, ನಡೆಯುವುದರಲ್ಲಿ ನಾಚಿಕೆಯಿಲ್ಲ. ಹಿಂದೆ ಎಷ್ಟು ವೇಗವಿತ್ತು ಎಂಬುದನ್ನು ಮರೆಯಿರಿ, ಆ ಮನುಷ್ಯ ಬೇರೆ. ಪಕ್ಕದವನ ಜೊತೆ ಮಾತಾಡಿಕೊಂಡು ಓಡಲಾಗದಿದ್ದರೆ ಅದು ಇವತ್ತಿನ ಮಟ್ಟಿಗೆ ಹೆಚ್ಚಾಯಿತು ಎಂದು ಅರ್ಥ. ಬಾಯಾರಿದರೆ ನೀರು ಕುಡಿಯಿರಿ. ನನಗೆ ಇದುವರೆಗೂ ಹೊಟ್ಟೆ ಹಿಡಿದಿಲ್ಲ. ವಾರಕ್ಕೊಂದು ದಿನ ಏನೂ ಮಾಡಬೇಡಿ. ನಾನು ಬಿಳಿಯ ಕ್ಯಾನ್ವಾಸ್ ಷೂ ಕೊಂಡೆ. ಅವು ಹಿಮ್ಮಡಿ ಕಚ್ಚಿದವು, ಗುಳ್ಳೆ ಎದ್ದವು. ಬಟ್ಟೆ ಸುತ್ತಿಕೊಂಡು ಓಡಿದೆ. ಗೇಟುಗಳಿಂದ ಕೂಗು ಬರುತ್ತಿತ್ತು: "ಹಾರ್ಟು ಕಣೋ ಶ್ರೀಪತಿ! ಅಮ್ಮನ ಹೊಟ್ಟೆ ಉರಿಸ್ಬೇಡ್ವೋ!" ಉತ್ತರ ಕೊಡುವಂತಿರಲಿಲ್ಲ. ಓಡುವುದೇ ಉತ್ತರ ಎಂದುಕೊಂಡೆ.

ಒಂದು ಸಂಜೆ ಮೇಷ್ಟ್ರ ಮನೆಗೆ ಹೋದೆ. ಅವರು ಹೊಸ ಗುಂಪೊಂದನ್ನು ಅದೇ ಬದುಗಳ ಮೇಲೆ ಓಡಿಸುತ್ತಿದ್ದರು.

"ಆ ಮಣ್ಣು ಒಳ್ಳೇದಲ್ಲ ಮೇಷ್ಟ್ರೇ. ಅಲ್ಲಿ ಓಡಿಸ್ಬೇಡಿ."

"ನಿನ್ನ ಹಾರ್ಟಿಗೂ ಮಣ್ಣಿಗೂ ಏನೋ ಸಂಬಂಧ?" ಎಂದು ನಕ್ಕರು.

ಸಂಬಂಧ ಏನೆಂದು ಹೇಳದಂತೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಸುಮ್ಮನೆ ಕಾಫಿ ಕುಡಿದು ಬಂದೆ. ಹಿಂತಿರುಗುವ ದಾರಿಯುದ್ದಕ್ಕೂ ನಾಲಿಗೆಯ ಮೇಲೆ ಒಂದು ಕಹಿ ಇತ್ತು.

ಮತ್ತೆ ಚಳಿಗಾಲ ಬಂತು. ಓಟದ ಬೆಳಿಗ್ಗೆ ಅಣ್ಣ ನನ್ನ ಜೊತೆ ಬಂದರು. ಮೈದಾನದ ಅಂಚಿನಲ್ಲಿ ಒಂದು ಮೇಜು. ಹೆಸರು ಹೇಳಿದವರಿಗೆ ನಂಬರು ಬರೆದ ಬಟ್ಟೆಯ ತುಂಡು ಕೊಡುತ್ತಿದ್ದರು. ಮೇಜಿನ ಹಿಂದೆ ದಾಮೋದರ ಮೇಷ್ಟ್ರು. ನನ್ನ ಹೆಸರು ಕೇಳಿ ಅವರ ಕೈ ನಿಂತಿತು.

"ಬೇಡ ಶ್ರೀಪತಿ."

"ಗುಣವಾಗಿದೆ ಮೇಷ್ಟ್ರೇ. ಡಾಕ್ಟರ ಚೀಟಿ ತಂದಿದೀನಿ."

"ಚೀಟಿ ಯಾರ್ ಬೇಕಾದ್ರೂ ಬರೆಸ್ಕೊಂಬರ್ತಾರೆ. ಮೊನ್ನೆ ನಿಮ್ಮಮ್ಮ ದೇವಸ್ಥಾನದಲ್ಲಿ ಸಿಕ್ಕಿದ್ರು. ಹಾರ್ಟು ಇನ್ನೂ ಹಾಗೇ ಇದೆ ಅಂದ್ರು. ದಾರೀಲಿ ನೀನು ಬಿದ್ರೆ ಆ ತಾಯಿಗೆ ನಾನೇನ್ ಹೇಳ್ಲಿ?" ಅವರ ಕಣ್ಣಿನಲ್ಲಿ ನಿಜವಾದ ಭಯವಿತ್ತು. ಮರದ ಬುಡದಲ್ಲಿ ಕುಸಿದಿದ್ದ ನನ್ನನ್ನು ನೋಡಿದವರು ಅವರೇ ತಾನೇ. "ನಿಂತ್ಕೊಂಡು ನೋಡು. ಚಪ್ಪಾಳೆ ತಟ್ಟು. ಓಡೋದು ಮಾತ್ರ ಇನ್ನು ನಿನ್ನ ಹಣೇಲಿಲ್ಲ."

ಹಿಂದೆ ಓಟಗಾರರ ಸಾಲು. ಪಕ್ಕದಲ್ಲಿ ನೋಡಲು ಬಂದಿದ್ದ ನಮ್ಮ ಬಡಾವಣೆಯವರು. ನನ್ನ ಬಗ್ಗೆ ಅನುಕಂಪದಿಂದ ತಲೆ ಆಡಿಸುತ್ತಿದ್ದರು. ಆ ತಲೆಗಳು ಆಡುವುದನ್ನು ನೋಡಿಯೇ ನನಗೆ ರೇಗಿದ್ದು. ಇವತ್ತು ಸುಮ್ಮನೆ ಪಕ್ಕಕ್ಕೆ ಸರಿದರೆ ಸಾಯುವ ತನಕ ಆರಾಮಕುರ್ಚಿಯೇ ಎಂದು ಸ್ಪಷ್ಟವಾಗಿ ಕಂಡಿತು.

"ಹಾರ್ಟಲ್ಲ ಮೇಷ್ಟ್ರೇ" ಎಂದೆ. ದನಿ ನಾನು ಎಣಿಸಿದ್ದಕ್ಕಿಂತ ಜೋರಾಗಿ ಬಂತು. "ಹೊಟ್ಟೇಲಿ ಹುಳ ಇತ್ತು. ಕೊಕ್ಕೆಹುಳ. ಆ ಸೊಪ್ಪಿನ ತೋಟದಲ್ಲಿ ಗೊಬ್ಬರ ತುಳಿದು ಅಂಗಾಲಿಂದ ಹತ್ತಿದ್ದು. ರಕ್ತ ಎಲ್ಲ ಕುಡಿದಿತ್ತು. ಬಳಪ ತಿಂತಿದ್ದೆ. ಈಗ ಹುಳ ಹೋಗಿದೆ, ರಕ್ತ ಬಂದಿದೆ. ನಂಬರ್ ಕೊಡಿ."

ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಹುಳ ಅಲ್ಲೇ ಹರಿದಾಡುತ್ತಿದೆಯೇನೋ ಎಂಬಂತೆ. ಮೇಷ್ಟ್ರು ನನ್ನನ್ನು ಬಿಟ್ಟು ಅಣ್ಣನ ಕಡೆ ನೋಡಿದರು. "ಏನ್ ಸಾರ್ ಇದು? ಓಡೋ ಆಸೆಗೆ ಏನೇನೋ ಹೇಳ್ತಿದಾನಾ?"

ಅಣ್ಣ ಕೋಟಿನ ಗುಂಡಿ ಹಾಕಿಕೊಂಡರು. ಬಿಚ್ಚಿದರು. ಮತ್ತೆ ಹಾಕಿಕೊಂಡರು.

"ಹುಳಾನೇ" ಎಂದರು. "ಆಸ್ಪತ್ರೇಲಿ ನಾನೇ ಜೊತೇಲಿದ್ದೆ. ಕೊಡಿ, ಓಡ್ಲಿ."

ಮೇಷ್ಟ್ರು ಬಟ್ಟೆಯ ತುಂಡು ಕೊಟ್ಟರು. ಅವರ ಕಣ್ಣು ಮೇಜಿನ ಮುಂದೆ ಸಾಲಾಗಿ ನಿಂತಿದ್ದ ಬರಿಗಾಲುಗಳ ಮೇಲಿತ್ತು. ಆಮೇಲಿನ ವಾರದಿಂದ ಅವರ ಗುಂಪು ರಸ್ತೆಯಲ್ಲಿ ಓಡತೊಡಗಿತು ಎಂದು ಕೇಳಿದೆ. ಕಾರಣ ಅವರು ಹೇಳಲಿಲ್ಲವಂತೆ. ಅಮ್ಮ ಮಾತ್ರ ಕೆಲವು ದಿನ ನನ್ನ ಜೊತೆಗೂ ಅಣ್ಣನ ಜೊತೆಗೂ ಮಾತು ಬಿಟ್ಟಳು. ಮಾತು ಶುರು ಮಾಡಿದ ಮೇಲೂ ಬಂದವರಿಗೆ ಹಾರ್ಟು ಎಂದೇ ಹೇಳುತ್ತಾಳೆ.

ಓಟ ಶುರುವಾಯಿತು. ಎಲ್ಲರೂ ಧಾವಿಸಿದರು, ನಾನು ಹಿಂದೆ ಉಳಿದೆ. ದೂರದ ಓಟದಲ್ಲಿ ಮೊದಲ ಮೈಲಿ ನಮ್ಮದಲ್ಲ, ಅದನ್ನು ಅವಸರದವರಿಗೆ ಬಿಟ್ಟುಕೊಡಬೇಕು. ಬನಶಂಕರಿ ಗುಡಿಯ ಹತ್ತಿರ ಒಬ್ಬೊಬ್ಬರನ್ನೇ ದಾಟತೊಡಗಿದೆ. ಎದೆ ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿತ್ತು. ಸಾರಕ್ಕಿ ದಾಟುವಾಗ ಹಿಂದಿನಿಂದ ಬರಿಗಾಲಿನ ಹೆಜ್ಜೆ ಕೇಳಿಸಿತು. ಎತ್ತರದ ಆಳು, ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ. ಪುಟ್ಟೇನಹಳ್ಳಿ ಕಡೆಯ ರೈತ ಎಂದು ಆಮೇಲೆ ತಿಳಿಯಿತು. ನನ್ನ ಪಕ್ಕಕ್ಕೆ ಬಂದು, ದಾಟದೆ, ಜೊತೆಗೇ ಓಡತೊಡಗಿದ.

"ಸ್ವಾಮೀ, ಅಲ್ಲಿ ಮೇಜಿನ್ತಾವ ಏನೋ ಅಂದ್ರಲ್ಲ. ಬಳಪ ತಿಂತಿದ್ದೆ ಅಂತ."

"ಹೌದು."

"ಅದು ಹುಳದಿಂದಾನೇ?"

"ಹುಳದಿಂದಾನೇ."

ಅವನು ಹೆಜ್ಜೆ ನಿಧಾನ ಮಾಡಿದ.

"ನಮ್ಮ ಹೆಂಡ್ರು ಬಸುರಿ ಸ್ವಾಮಿ. ಗ್ವಾಡೆ ಮಣ್ಣು ಕೆರ್ಕೊಂಡು ತಿಂತಾವ್ಳೆ. ಮೊಕ ಎಲ್ಲಾ ಬೆಳ್ಳಗಾಗೈತೆ, ಕಾಲು ಊದೈತೆ. ಬಸುರಿ ಆಸೆ ಅಂತಾಳೆ ನಮ್ಮವ್ವ. ತ್ವಾಟದಲ್ಲಿ ಸೊಪ್ಪು ಕೀಳಾಕೆ ದಿನಾ ಹೋಯ್ತಾಳೆ."

ನಾನು ನಿಂತುಬಿಟ್ಟೆ. ಅವನೂ ನಿಂತ. ಆಸ್ಪತ್ರೆ ಯಾವುದು, ಯಾವ ಬಾಗಿಲು, ಯಾವ ಡಾಕ್ಟರನ್ನು ಕೇಳಬೇಕು ಎಂದು ಹೇಳಿದೆ. ಹೃದಯದ ಕಡೆಯ ಬೆಂಚಿಗೆ ಹೋಗಬಾರದೆಂದು ಹೇಳಿದೆ. ಡಬ್ಬಿಯ ವಿಷಯ ಹೇಳಿದೆ. ಅವನು ಪ್ರತಿಯೊಂದನ್ನೂ ನನ್ನ ಮುಂದೆ ಒಪ್ಪಿಸಿದ. ಅಷ್ಟರಲ್ಲಿ ನಾನು ಬೆವರಿಳಿಸಿ ದಾಟಿ ಬಂದವರೆಲ್ಲ ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರು. ಆ ವರ್ಷ ನಾನು ಎಷ್ಟನೆಯವನಾಗಿ ಬಂದೆ ಎಂಬುದರಲ್ಲಿ ಡೈರಿಗೂ ಅಣ್ಣನಿಗೂ ಒಮ್ಮತವಿಲ್ಲ.

"ಅಂಗಾರೆ ಬರ್ತೀನಿ ಸ್ವಾಮಿ, ನೀವು ಮೆತ್ತಗೆ ಬನ್ನಿ" ಎಂದು ಅವನು ಹೊರಟ. ಏನು ಓಟ ಅದು! ಕ್ಷಣದಲ್ಲಿ ದೂರವಾದ. ಆಗ ನನಗೆ ಮುಖ್ಯವಾದ ಒಂದು ಮಾತು ಬಿಟ್ಟುಹೋಗಿದ್ದು ನೆನಪಾಯಿತು. ಅವನ ಹಿಂದೆ ಓಡುತ್ತಲೇ ಕೂಗಿದೆ.

"ಏನಪ್ಪಾ! ನೀನೂ ತೋರಿಸ್ಕೋ! ನಿನ್ನ ಡಬ್ಬೀನೂ ತಗೊಂಡೋಗು!"

ಅವನಿಗೆ ಕೇಳಿಸಲಿಲ್ಲ. ರಸ್ತೆಬದಿಯಲ್ಲಿ ಓಟ ನೋಡಲು ನಿಂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಮ್ಮ ಬ್ಲಾಕಿನವರೂ ಇದ್ದರು.

ಉಸಿರು ತುಂಬಿಕೊಂಡು, ಇನ್ನೂ ಜೋರಾಗಿ ಕೂಗಿದೆ.